ಡೀಸೆಲ್ ಪರವಾಗಿ ಅಪ್ಪನ ವಾದ

ನನ್ನ ಮಾಮನಿಗೆ, ಅಂದರೆ ಅಮ್ಮನ ತಮ್ಮನಿಗೆ, ಡೀಸೆಲ್ ಕಾರು ಅಂದರೆ ಮೈಯೆಲ್ಲ ಉರಿ. ಲಾರಿಗೂ ಬಸ್ಸಿಗೂ ಕುಡಿಸುವ ಎಣ್ಣೆಯನ್ನು ಸಂಸಾರಸ್ಥರು ಮನೆ ಮುಂದೆ ನಿಲ್ಲಿಸುವ ಕಾರಿಗೆ ಹಾಕಬಾರದು ಎಂಬುದು ಅವನ ಸಿದ್ಧಾಂತ. ಪ್ರತಿ ಭಾನುವಾರ ಬೆಳಿಗ್ಗೆ ಇಂದಿರಾನಗರದಿಂದ ಜೀವನ್ ಬಿಮಾ ನಗರದ ನಮ್ಮ ಮನೆಗೆ ತಿಂಡಿಗೆ ಬರುತ್ತಿದ್ದ. ಗೇಟಿನ ಪಕ್ಕ ನಿಂತ ನಮ್ಮ ಕಾರನ್ನು ನೋಡಿ ಮೊದಲು ಮೂಗು ಮುರಿಯುತ್ತಿದ್ದ, ಆಮೇಲೆ ಚಪ್ಪಲಿ ಬಿಡುತ್ತಿದ್ದ, ಆಮೇಲೆ ಅಮ್ಮನ ದೋಸೆಗೆ ಕೈ ಹಾಕುತ್ತಿದ್ದ. ಮೊದಲ ತುತ್ತು ಒಳಗೆ ಹೋಗುವಷ್ಟರಲ್ಲಿ ಆರೋಪಗಳು ಹೊರಗೆ ಬರುತ್ತಿದ್ದವು. ಸದ್ದು, ಹೊಗೆ, ಚಳಿಗಾಲದ ಬೆಳಿಗ್ಗೆ ಅದನ್ನು ಎಬ್ಬಿಸುವ ಕಷ್ಟ, ಸಿಗ್ನಲ್ ಹಸಿರಾದ ಮೇಲೂ ಹೊರಡಲು ಅದಕ್ಕೆ ಬೇಕಾದ ಪುರುಸೊತ್ತು. ಇನ್ನು ಪಂಪ್ ಕೆಟ್ಟಿತೋ, ವರ್ಷವೆಲ್ಲ ಉಳಿಸಿದ್ದು ಒಂದೇ ದಿನದಲ್ಲಿ ಗೋವಿಂದ.

ಅಪ್ಪ ಎದುರಿಗೆ ಕೂತು ಕಾಫಿ ಕುಡಿಯುತ್ತಾ, ಎಲ್ಲವನ್ನೂ ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿ, ಕೊನೆಗೆ ಒಂದೇ ಮಾತು ಹೇಳುತ್ತಿದ್ದರು.

"ಡೀಸೆಲ್ ಅಗ್ಗ ಕಣಯ್ಯ."

"ಕೋಣನ ಮುಂದೆ ಕಿನ್ನರಿ ಬಾರ್ಸಿದ ಹಾಗಾಯ್ತು ಬಿಡಕ್ಕ," ಎಂದು ಮಾಮ ಅಮ್ಮನ ಕಡೆ ತಿರುಗಿ ಇನ್ನೊಂದು ದೋಸೆ ಕೇಳುತ್ತಿದ್ದ. ಮುಂದಿನ ಭಾನುವಾರ ಮತ್ತೆ ಅದೇ ಕಿನ್ನರಿ. ತೊಂಬತ್ತರ ದಶಕದ ಅರ್ಧಕ್ಕರ್ಧ ಭಾನುವಾರಗಳು ನಮ್ಮ ಮನೆಯಲ್ಲಿ ಹೀಗೇ ಕಳೆದವು.

ನಾನೂ ಆಗ ಮಾಮನ ಪಕ್ಷ. ಹೊಸದಾಗಿ ಇಂದಿರಾನಗರದ ಒಂದು ಶಾಲೆಯಲ್ಲಿ ಭೂಗೋಳ ಪಾಠ ಮಾಡಲು ಸೇರಿದ್ದೆ. ಅಪ್ಪ ಅಭಿಮಾನದಿಂದ ಕಾರಿನಲ್ಲಿ ಕರೆತಂದು ಗೇಟಿನ ಮುಂದೆ ಇಳಿಸುವಾಗ, ನಾಲ್ಕು ಮನೆ ಆಚೆಯಿಂದಲೇ ಆ ಕಾರಿನ ಗಡಗಡ ಕೇಳಿ ಮಕ್ಕಳೆಲ್ಲ ಕಿಟಕಿಗೆ ಬರುತ್ತಿದ್ದವು. ಟೀಚರ್ ಲಾರಿಯಲ್ಲಿ ಬಂದರು ಎಂದು ಯಾವ ಮಗುವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನಾನು ಆ ಮಗುವನ್ನು ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದೆ.

ನಮ್ಮ ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಅಮ್ಮ ವಿಮೆ ಕಂಪನಿಯಲ್ಲಿ ಗುಮಾಸ್ತೆ, ಮನೆ ಬಂದದ್ದು ಅವಳ ಕೆಲಸದ ಕಡೆಯಿಂದ. ಅಪ್ಪ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ, ರಿಪೇರಿಯಾದ ಎಂಜಿನ್ನುಗಳನ್ನು ಕಟ್ಟಿಹಾಕಿ ಓಡಿಸಿ ನೋಡುವ ಶೆಡ್ಡಿನಲ್ಲಿ ಕೆಲಸ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಆ ಶೆಡ್ಡಿನವರನ್ನು ಮದುವೆ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಗುರುತಿಸಬಹುದಿತ್ತು. ಎಲ್ಲರೂ ಊಟದ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಮಾತಾಡುತ್ತಿದ್ದರು. ಗುಟ್ಟು ಹೇಳುವುದು ಅವರ ಕೈಲಿ ಸಾಧ್ಯವೇ ಇರಲಿಲ್ಲ. ಹಾಗಾಗಿ ಅಪ್ಪನ ದೊಡ್ಡ ಗಂಟಲು ನಮಗೆ ಒಂದು ವಿಷಯವೇ ಆಗಿರಲಿಲ್ಲ. ಕಿವಿ ಸ್ವಲ್ಪ ಮಂದ ಎಂಬುದೂ ಗೊತ್ತಿದ್ದದ್ದೇ, ಆ ಶೆಡ್ಡಿನಲ್ಲಿ ಯಾರ ಕಿವಿ ತಾನೇ ನೆಟ್ಟಗಿತ್ತು?

ನಮ್ಮ ಬಡಾವಣೆಗೆ ಒಂದು ಪದ್ಧತಿ ಇತ್ತು. ಹಳೆಯ ವಿಮಾನ ನಿಲ್ದಾಣ ಪಕ್ಕದಲ್ಲೇ ಇದ್ದದ್ದರಿಂದ ವಿಮಾನಗಳು ನಮ್ಮ ತೆಂಗಿನ ಗರಿ ಸವರಿಕೊಂಡೇ ಇಳಿಯುತ್ತಿದ್ದವು. ವಿಮಾನ ಬಂದಾಗ ಎಲ್ಲರೂ ಮಾತು ನಿಲ್ಲಿಸುವುದು, ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವುದು. ಯಾರೂ ಕಲಿಸಿದ್ದಲ್ಲ. ಜಗಳ ಆಡುವವರೂ ಅರ್ಧ ಬೈಗುಳದಲ್ಲಿ ನಿಲ್ಲಿಸಿ ಕಾಯುತ್ತಿದ್ದರು. ಅಪ್ಪ ಮಾತ್ರ ನಿಲ್ಲಿಸುತ್ತಿರಲಿಲ್ಲ. ವಿಮಾನದ ಅಡಿಯಲ್ಲೇ ಬಾಯಿ ಆಡಿಸಿಕೊಂಡು ಹೋಗುತ್ತಿದ್ದರು, ನಮಗೆ ಒಂದಕ್ಷರವೂ ಕೇಳುತ್ತಿರಲಿಲ್ಲ. ತಾನು ರಿಪೇರಿ ಮಾಡಿದ ಎಂಜಿನ್ನಿಗೆ ತಾನೇಕೆ ಮರ್ಯಾದೆ ಕೊಡಬೇಕು ಎಂಬ ಜಂಬ ಅಂತ ನಾವು ತಿಳಿದಿದ್ದೆವು.

ಕಾರು ಕೊಂಡದ್ದು ಶಿವಾಜಿನಗರದಲ್ಲಿ. ಅಪ್ಪ, ಮಾಮ, ನಾನು ಮೂವರೂ ಹೋಗಿದ್ದೆವು. ಒಂದು ಗಲ್ಲಿಯ ಕೊನೆಯಲ್ಲಿ ಹಳೆ ಕಾರು ಮಾರುವವನೊಬ್ಬನ ಅಂಗಳ, ಅಲ್ಲಿ ಎರಡು ಕಾರು ನಮಗೆಂದು ತೊಳೆದು ನಿಲ್ಲಿಸಿದ್ದ. ಒಂದು ಕೆಂಪು ಪುಟ್ಟ ಪೆಟ್ರೋಲ್ ಕಾರು, ನೋಡಿದ ಕೂಡಲೇ ನನ್ನ ಮನಸ್ಸು ಅದರೊಳಗೆ ಹೋಗಿ ಕೂತಿತ್ತು. ಇನ್ನೊಂದು ಬಿಳಿಯ, ಗುಂಡು ಬೆನ್ನಿನ, ದೊಡ್ಡ ಡೀಸೆಲ್ ಕಾರು. ಬೆನ್ಸನ್ ಟೌನಿನ ವಯಸ್ಸಾದ ಯಜಮಾನರೊಬ್ಬರದು, ಭಾನುವಾರ ಚರ್ಚಿಗೆ ಬಿಟ್ಟರೆ ಹೊರಗೆ ತೆಗೆದಿದ್ದೇ ಇಲ್ಲ ಎಂದು ಅವನು ಹೇಳಿದ. ಹಾಗೆ ಎಲ್ಲಾ ಹಳೆ ಕಾರುಗಳೂ ಚರ್ಚಿಗೇ ಹೋಗಿರುತ್ತವೆ.

"ಆವೋ ಸಾರ್, ಕೂತ್ಕೊಳಿ. ಪೆಟ್ರೋಲ್ ಗಾಡಿ ಏಕ್ದಮ್ ಮಖ್ಖನ್ ಸಾರ್, ಬೆಣ್ಣೆ. ಆವಾಜೇ ಇಲ್ಲ," ಎಂದು ಅವನು ಅಪ್ಪನನ್ನು ಕೆಂಪು ಕಾರಿನಲ್ಲಿ ಕೂರಿಸಿ ತಾನೇ ಕೈ ಚಾಚಿ ಕೀ ತಿರುಗಿಸಿದ. ಅಪ್ಪ ಸ್ವಲ್ಪ ಹೊತ್ತು ಕಾದರು.

"ಸ್ಟಾರ್ಟ್ ಮಾಡಪ್ಪ," ಎಂದರು.

"ಚಾಲೂ ಇದೆ ಸಾರ್!" ಎಂದು ಅವನು ತೊಡೆ ತಟ್ಟಿಕೊಂಡು ನಕ್ಕ. ಮಾಮನೂ ನಕ್ಕ. ಎಂಜಿನ್ನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಇಲ್ಲ ಎಂದು ನಾನೂ ನಕ್ಕೆ. ಅಪ್ಪನೂ ನಕ್ಕರು, ಇಳಿದರು, ಬಿಳಿ ಕಾರಿಗೆ ಹೋಗಿ ಕೂತರು. ಅದು ಕೆಮ್ಮಿ, ಕ್ಯಾಕರಿಸಿ, ಅಂಗಳದಲ್ಲಿದ್ದ ಕೋಳಿಗಳನ್ನೆಲ್ಲ ಓಡಿಸಿ ಎದ್ದಿತು. ಅಪ್ಪ ಎಡಗೈ ಚಾಚಿ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು, ನಾಡಿ ನೋಡುವ ಪಂಡಿತರ ಹಾಗೆ ಕಣ್ಣು ಮುಚ್ಚಿ ಕೂತರು. ಮಾಮ ನನ್ನ ಕಿವಿಯಲ್ಲಿ, "ಇದು ಬೇಡ ಅನ್ನು, ನೀನು ಹೇಳಿದ್ರೆ ಕೇಳ್ತಾರೆ," ಎಂದ. ನಾನು ಹೇಳಿದೆ. ಅಪ್ಪ ಕಣ್ಣು ಬಿಟ್ಟು, "ಇದೇ ಇರ್ಲಿ," ಎಂದರು.

"ಯಾಕಪ್ಪ?"

"ಡೀಸೆಲ್ ಅಗ್ಗ."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮಪ್ಪನಿಗೆ ಕೊಂಡ ಹೆಗ್ಗಣವೂ ಮುದ್ದೇ. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲು ಕಾರಿನ ಮುಖ ಒರೆಸುತ್ತಿದ್ದರು. ಆ ಕಾಲದ ಡೀಸೆಲ್ ಕಾರನ್ನು ಸುಮ್ಮನೆ ಕೀ ತಿರುಗಿಸಿ ಎಬ್ಬಿಸುವ ಹಾಗಿರಲಿಲ್ಲ. ಮೊದಲು ಒಳಗಿನ ಹೀಟರ್ ಕಾಯಬೇಕು, ಅಲ್ಲಿಯವರೆಗೂ ನಾವೆಲ್ಲ ಹೊರಡುವ ಉಡುಪಿನಲ್ಲಿ ಒಳಗೆ ಕೂತು ಕಾಯಬೇಕು. ಅಷ್ಟರಲ್ಲಿ ಅಮ್ಮ ಮನೆಗೆ ಹೋಗಿ ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಿಕೊಂಡು ಬರುತ್ತಿದ್ದಳು. ನಿಲ್ಲಿಸುವುದಕ್ಕೂ ಬರೀ ಕೀ ಸಾಲದು, ಒಂದು ಗುಂಡಿ ಹಿಡಿದು ಎಳೆಯಬೇಕು. ಎಳೆದ ಮೇಲೂ ಅದು ಒಂದೆರಡು ಸಲ ಒದರಿ, ಮನಸ್ಸಿಲ್ಲದ ಮನಸ್ಸಿನಿಂದ ಸುಮ್ಮನಾಗುತ್ತಿತ್ತು.

ಹೊಗೆಯ ವಿಷಯಕ್ಕೆ ಬಂದರೆ ಮಾಮನ ಆರೋಪ ಅಕ್ಷರಶಃ ನಿಜ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ಬಿಳಿ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟ ದಿನ ಅಪ್ಪ ಸರಿಯಾಗಿ ಅದರ ಪಕ್ಕದಲ್ಲೇ ಕಾರು ಎಬ್ಬಿಸಿದರು. ಸಂಡಿಗೆಗೆಲ್ಲ ಎಳ್ಳು ಹಾಕಿದ ಹಾಗೆ ಕಂಡಿತು. ಆಕೆ ಒಂದು ವಾರ ನಮ್ಮ ಜೊತೆ ಮಾತು ಬಿಟ್ಟರು. ಎಂಟನೆಯ ದಿನ ಗಂಡನ ಕಡೆಯವರ ಗೃಹಪ್ರವೇಶಕ್ಕೆ ಆಳು, ಹೊರೆ, ಬಾಳೆಗೊನೆ ಎಲ್ಲವನ್ನೂ ಹೊರುವ ಗಾಡಿ ಬೇಕಾದಾಗ ಮಾತು ತಾನಾಗಿಯೇ ಬಂತು. ಅದು ಡೀಸೆಲ್ ಕಾರಿನ ದೊಡ್ಡ ಗುಣ. ಹಿಂದೆ ಐದು ಜನ, ಮುಂದೆ ಮೂರು, ಡಿಕ್ಕಿಯಲ್ಲಿ ಕುಂಬಳಕಾಯಿ, ತಲೆಯ ಮೇಲೆ ಹಾಸಿಗೆ, ಎಷ್ಟು ಹೇರಿದರೂ ಒಂದೇ ರಾಗದಲ್ಲಿ ಎಳೆಯುತ್ತಿತ್ತು.

ಇನ್ನೊಂದು ತೊಂದರೆ ಮಾಮನಿಗೂ ಹೊಳೆದಿರಲಿಲ್ಲ. ಬಿಳಿಯ, ದೊಡ್ಡ, ಡೀಸೆಲ್ ಸದ್ದಿನ ಕಾರು ಎಂದರೆ ಊರಿನವರ ಲೆಕ್ಕದಲ್ಲಿ ಅದು ಟ್ಯಾಕ್ಸಿ. ಹಲಸೂರಿನ ಮಾರ್ಕೆಟ್ಟಿನ ಹತ್ತಿರ ನಿಲ್ಲಿಸಿದರೆ ಯಾರಾದರೂ ಬಂದು, "ವರ್ರೀಂಗಳಾ ಸಾರ್?" ಎಂದು ತಮಿಳಿನಲ್ಲಿ ಬಾಡಿಗೆಗೆ ಕರೆದೇ ಕರೆಯುತ್ತಿದ್ದರು. ಅಪ್ಪ ನಗುತ್ತಾ ಕೈ ಆಡಿಸಿಬಿಡುತ್ತಿದ್ದರು. ಆದರೆ ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ನಿನ ಮುಂದೆ ನಡೆದದ್ದು ಅಷ್ಟು ಸುಲಭಕ್ಕೆ ಮುಗಿಯಲಿಲ್ಲ.

ಅಮ್ಮ ಮತ್ತು ನಾನು ಬಂಗಾರಪೇಟೆಯಲ್ಲಿ ಮದುವೆ ಮುಗಿಸಿಕೊಂಡು ಬರುತ್ತಿದ್ದೆವು. ಅಪ್ಪ ಸ್ಟೇಷನ್ನಿನ ಹೊರಗೆ ಕಾರಿನಲ್ಲಿ ಕಾಯುವುದು, ನಾವು ಬಂದು ಹಿಂದೆ ಕೂರುವುದು, ಹೊರಡುವುದು. ನಮ್ಮ ಮನೆಯ ಕ್ರಮ ಇದು. ಹಿಂದಿನ ಬಾಗಿಲು ಧಡ್ ಎಂದು ಮುಚ್ಚಿದರೆ ಹೊರಡು ಎಂದರ್ಥ, ಅದಕ್ಕಿಂತ ಹೆಚ್ಚಿನ ಮಾತು ಯಾವತ್ತೂ ಬೇಕಾಗಿರಲಿಲ್ಲ. ಅವತ್ತು ನಮ್ಮ ರೈಲು ಬಂದಾಗಲೇ ಪಕ್ಕದ ಪ್ಲಾಟ್‌ಫಾರ್ಮಿಗೆ ಗುಲ್ಬರ್ಗ ಕಡೆಯ ರೈಲೂ ಬಂದಿತ್ತು. ಕೂಲಿ ಸಿಗದೆ ನಮ್ಮ ಚೀಲಗಳನ್ನು ನಾವೇ ಎಳೆದುಕೊಂಡು ಹೊರಗೆ ಬರುವ ಹೊತ್ತಿಗೆ ನಮ್ಮ ಕಾರಿನ ಗುಂಡು ಬೆನ್ನು ಗೇಟು ದಾಟುತ್ತಿತ್ತು. ಹಿಂದಿನ ಗಾಜಿನಲ್ಲಿ ಮೂರು ತಲೆಗಳು ಕಾಣುತ್ತಿದ್ದವು, ಒಂದಕ್ಕೆ ಪಟಗ ಸುತ್ತಿತ್ತು.

"ಅಪ್ಪಾ!" ಎಂದು ಕೂಗಿದೆ. ಕ್ಲಾಸಿನಲ್ಲಿ ಐವತ್ತು ಮಕ್ಕಳನ್ನು ಸುಮ್ಮನಿರಿಸುವ ಗಂಟಲು ನನ್ನದು. ಸ್ಟೇಷನ್ನಿನ ಅಂಗಳದಲ್ಲಿದ್ದ ಅಪ್ಪಂದಿರೆಲ್ಲ ತಿರುಗಿದರು, ನಮ್ಮಪ್ಪ ಒಬ್ಬರನ್ನು ಬಿಟ್ಟು.

ಮೊಬೈಲ್ ಇಲ್ಲದ ಕಾಲ. ಆಟೋ ಹಿಡಿದು ಮನೆಗೆ ಬಂದೆವು. ಕಾರು ಗೇಟಿನ ಮುಂದೆ ಇತ್ತು. ಒಳಗೆ ನಮ್ಮ ಸೋಫಾದ ಮೇಲೆ ಪಟಗದ ಗಂಡಸು, ಅವನ ಹೆಂಡತಿ, ಅವನ ತಾಯಿ ಸಾಲಾಗಿ ಕೂತು ನೀರು ಕುಡಿಯುತ್ತಿದ್ದರು. ಕಾಲ ಬಳಿ ತಗಡಿನ ಟ್ರಂಕು. ಅಪ್ಪ ಅಡುಗೆಮನೆಯಲ್ಲಿ ಅವರಿಗೆ ಕಾಫಿ ಮಾಡಲು ಪುಡಿ ಹುಡುಕುತ್ತಿದ್ದರು. ಮುದುಕಿ ಅಮ್ಮನನ್ನು ಕಂಡು ಎದ್ದು ನಿಂತಳು.

"ಯವ್ವಾ, ತಪ್ಪ ತಿಳೀಬ್ಯಾಡ್ರಿ. ಮಾರತ್ತಹಳ್ಳಿ ಮಾರತ್ತಹಳ್ಳಿ ಅಂತ ದಾರಿ ತುಂಬ ಬಡಕೊಂಡ್ವಿ. ಈ ಯಪ್ಪ ಹಿಂದ ತಿರುಗಿ ನೋಡಲೇ ಇಲ್ರಿ. ಸೀದಾ ತಮ್ಮ ಮನೀಗೇ ಕರ್ಕೊಂಡ ಬಂದಾರ."

ಮಾರತ್ತಹಳ್ಳಿಯಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು, ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದರಂತೆ. ಕಾಫಿ ಕುಡಿಸಿ ಅವರನ್ನು ಅಲ್ಲಿಗೆ ಬಿಟ್ಟು ಬಂದೆವು, ಈ ಸಲ ನಾನು ಮುಂದೆ ಕೂತು ದಾರಿ ತೋರಿಸಿದೆ. ಮುದುಕಿ ಇಳಿಯುವಾಗ ಬುತ್ತಿಯ ಗಂಟು ಬಿಚ್ಚಿ ಶೇಂಗಾ ಹೋಳಿಗೆಯನ್ನು ಅಪ್ಪನ ಕೈಯಲ್ಲಿ ಇಟ್ಟಳು. ಭಾನುವಾರ ಮಾಮ ಆ ಹೋಳಿಗೆಯನ್ನೂ ತಿಂದ, ಕಥೆಯನ್ನೂ ಕೇಳಿದ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. "ಪೆಟ್ರೋಲ್ ಕಾರಾಗಿದ್ರೆ ಈ ಗತಿ ಬರ್ತಿತ್ತಾ ಭಾವ?" ಎಂದ. "ಹೋಳಿಗೆ ಬರ್ತಿತ್ತಾ?" ಎಂದು ಅಪ್ಪ ಕೇಳಿದರು. ಅವರು ಮಾಮನ ತುಟಿ ನೋಡಿಕೊಂಡೇ ಉತ್ತರ ಕೊಟ್ಟದ್ದನ್ನು ನಾನು ಗಮನಿಸಿದ್ದು ಅವತ್ತೇ.

ಅಮ್ಮ ನಗಲಿಲ್ಲ. ಮಾರನೆಯ ದಿನ ಅಪ್ಪ ಪೇಪರ್ ಓದುತ್ತಿದ್ದಾಗ ಅವರ ಬೆನ್ನ ಹಿಂದೆ ಹೋಗಿ ಸ್ಟೀಲ್ ತಟ್ಟೆಯೊಂದನ್ನು ಎತ್ತಿ ನೆಲಕ್ಕೆ ಬಿಟ್ಟಳು. ತಟ್ಟೆ ಗಿರಗಿರ ತಿರುಗಿ ರೂಮೆಲ್ಲ ಬಡಿದು ನಿಂತಿತು. ಅಪ್ಪ ಪುಟ ಮಗುಚಿದರು. ಅಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಒಂದೇ ಮನೆಯಲ್ಲಿದ್ದುಕೊಂಡು, ಎಲ್ಲರೂ ಕೂಗಿ ಮಾತಾಡುವ ಅಭ್ಯಾಸದಲ್ಲಿ, ಅಪ್ಪನ ಕಿವಿ ಎಷ್ಟು ದೂರ ಹೋಗಿಬಿಟ್ಟಿತ್ತು ಎಂಬುದು ನಮಗೆ ತಿಳಿದೇ ಇರಲಿಲ್ಲ.

ಕಿವಿಗೆ ಹಾಕುವ ಯಂತ್ರ ಬಂತು. ಅದು ಕುಕ್ಕರನ್ನೂ ವಿಮಾನವನ್ನೂ ಒಂದೇ ಸಮನೆ ತಲೆಯೊಳಗೆ ತುರುಕುತ್ತದೆ ಎಂದು ಅಪ್ಪ ಅದನ್ನು ತೆಗೆದು ಬೀರುವಿನಲ್ಲಿ ಮಲಗಿಸಿದರು. ಕಾರು ಮಾರೋಣ ಎಂದು ಅಮ್ಮ, ಮಾರಲ್ಲ ಎಂದು ಅಪ್ಪ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಕೊನೆಗೆ ಅಮ್ಮ ಒಂದು ದಾರಿ ಕಂಡುಹಿಡಿದಳು. ಇನ್ನು ಮೇಲೆ ತಾನಿಲ್ಲದೆ ಕಾರು ತೆಗೆಯಬಾರದು, ತಾನು ಮುಂದೆಯೇ ಕೂರುವುದು, ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದರೆ ಅಪ್ಪನ ತೋಳು ಚಿವುಟುವುದು. ಬೆಂಗಳೂರಿನಲ್ಲಿ ಹಾರ್ನಿಗೇನು ಕಡಿಮೆ? ಶಿವಾಜಿನಗರಕ್ಕೆ ಹೋಗಿಬಂದ ದಿನ ಅಪ್ಪ ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

ಇಷ್ಟಾದರೂ ಕಿವಿಗೂ ಡೀಸೆಲ್ಲಿಗೂ ಇದ್ದ ಸಂಬಂಧ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದ್ದು ಮಾಮನ ಹೊಸ ಕಾರು.

ಮಾಮ ಹೊಚ್ಚ ಹೊಸ ಪೆಟ್ರೋಲ್ ಕಾರು ಕೊಂಡು, ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆಯದೆ ಒಂದು ಭಾನುವಾರ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ. ದೋಸೆಗೂ ಕೂರಲಿಲ್ಲ. "ಬನ್ನಿ ಭಾವ, ಒಂದ್ಸಲ ಓಡ್ಸಿ ನೋಡಿ. ಆಮೇಲೆ ನಿಮ್ಮ ಡೀಸೆಲ್ ಬಗ್ಗೆ ಮಾತಾಡೋಣ," ಎಂದು ಕೀಯನ್ನು ಅಪ್ಪನ ಕೈಯಲ್ಲಿ ಇಟ್ಟ. ಹಲಸೂರು ಕೆರೆಯವರೆಗೆ ಹೋಗಿ ಬರುವುದೆಂದಾಯಿತು. ಅಮ್ಮನ ಕೆಲಸಕ್ಕೆ ಮಾಮನೇ ಮುಂದೆ ಕೂತ, ನಾನು ಹಿಂದೆ.

ಅಪ್ಪ ಕೀ ತಿರುಗಿಸಿದರು. ಎಂಜಿನ್ ಎದ್ದಿತು. ಅಪ್ಪ ಮತ್ತೆ ತಿರುಗಿಸಿದರು. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುವ ಕರಕರ ಸದ್ದಿಗೆ ಮಾಮನ ಮುಖ ಕಿವುಚಿಕೊಂಡಿತು. "ಭಾವಾ, ಆನ್ ಆಗಿದೆ, ಆನ್ ಆಗಿದೆ!" ಎಂದು ತೋಳು ಹಿಡಿದ. ಹೊರಟೆವು. ಹಲಸೂರಿನ ಸಿಗ್ನಲ್ಲಿನಲ್ಲಿ ನಿಂತಾಗ ಅಪ್ಪನ ಕೈ ಡ್ಯಾಶ್‌ಬೋರ್ಡಿಗೆ ಹೋಯಿತು, ಗೇರಿಗೆ ಹೋಯಿತು, ಸ್ಟೀರಿಂಗಿಗೆ ಹೋಯಿತು. ಕತ್ತಲೆಯಲ್ಲಿ ಸ್ವಿಚ್ಚು ಹುಡುಕುವವರ ಹಾಗೆ ತಡಕಾಡಿತು. ಹಸಿರು ಬಿತ್ತು. ಅಪ್ಪ ಕೀ ತಿರುಗಿಸಿದರು. ಮತ್ತೆ ಕರಕರ. ಮಾಮ ಕೂಗಿದ. ಹಿಂದೆ ಇದ್ದವರೆಲ್ಲ ಹಾರ್ನ್ ಹೊಡೆದರು. ಅಪ್ಪ ಗಾಬರಿಯಲ್ಲಿ ಅದನ್ನು ಪೂರಾ ಆರಿಸಿಯೇಬಿಟ್ಟರು, ಆರಿದ್ದೂ ಅವರಿಗೆ ತಿಳಿಯಲಿಲ್ಲ. ಓಡದ ಕಾರಿನ ಗೇರು ಹಾಕಿ ಆಕ್ಸಿಲರೇಟರ್ ತುಳಿಯುತ್ತಾ ಕೂತಿದ್ದರು.

ಮಾಮ ಇಳಿದು ಆ ಕಡೆಯಿಂದ ಬಂದು ಬಾಗಿಲು ತೆಗೆದ. ಅಪ್ಪ ಇಳಿದು ಹಿಂದೆ ನನ್ನ ಪಕ್ಕ ಬಂದು ಕೂತರು. ಕೆರೆಯ ಏರಿಯ ಹತ್ತಿರ ಕಾರು ನಿಂತ ಮೇಲೆ ಬಾಯಿಬಿಟ್ಟರು.

"ಒಳ್ಳೆ ಕಾರು ಕಣಯ್ಯ. ಆದ್ರೆ ಇದು ಬದುಕಿದ್ಯೋ ಸತ್ತಿದ್ಯೋ ನಂಗೆ ಗೊತ್ತಾಗಲ್ಲ. ನಮ್ಮದಾದ್ರೆ ಕೈಗೆ ಹೇಳುತ್ತೆ."

ಶಿವಾಜಿನಗರದ ಅಂಗಳ, ಕೆಂಪು ಕಾರು, "ಸ್ಟಾರ್ಟ್ ಮಾಡಪ್ಪ" ಎಂದದ್ದು, ನಾವೆಲ್ಲ ನಕ್ಕದ್ದು, ಕಣ್ಣು ಮುಚ್ಚಿ ಅಂಗೈ ಇಟ್ಟದ್ದು, ಎಲ್ಲವೂ ಆ ಕ್ಷಣ ಒಟ್ಟಿಗೆ ಅರ್ಥವಾಯಿತು. ಡೀಸೆಲ್ ಅಗ್ಗವಾಗಿತ್ತು ನಿಜ. ಆದರೆ ಅಪ್ಪ ಅದನ್ನು ಕೊಂಡದ್ದು ಅದಕ್ಕಲ್ಲ. ಶೆಡ್ಡಿನಲ್ಲಿ ಜೀವನವೆಲ್ಲ ಎಂಜಿನ್ನಿನ ಮೈ ಮೇಲೆ ಕೈಯಿಟ್ಟು ದುಡಿದವರು. ಕಿವಿಯಿಂದ ಹಕ್ಕಿಯ ದನಿ ಹೋಯಿತು, ಕುಕ್ಕರ್ ಹೋಯಿತು, ವಿಮಾನ ಹೋಯಿತು, ಹಿಂದಿನ ಸೀಟಿನಿಂದ ಕರೆಯುವ ಮಗಳೂ ಹೋದಳು. ಅದುರುವ ಎಂಜಿನ್ ಒಂದು ಮಾತ್ರ ಇನ್ನೂ ಅವರ ಜೊತೆ ಮಾತಾಡುತ್ತಿತ್ತು. ಕೆರೆ ನೋಡುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ಮುಂದಿನ ಭಾನುವಾರ ಮಾಮ ಬಂದ, ಕಾರು ನೋಡಿ ಮೂಗು ಮುರಿಯದೆ ಚಪ್ಪಲಿ ಬಿಟ್ಟ, ದೋಸೆ ಮುರಿದ. ನಾವು ಕಾದೆವು. ಅವನು ಅಪ್ಪನಿಗೆ ತುಟಿ ಕಾಣುವ ಹಾಗೆ ಎದುರಿಗೆ ಸರಿದು ಕೂತು, "ಏನೇ ಹೇಳಿ ಭಾವ, ಡೀಸೆಲ್ ಅಗ್ಗ," ಎಂದ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷ ಅಪ್ಪ ಕಾರು ಓಡಿಸಿದರು, ಅಮ್ಮ ಚಿವುಟಿದಳು. ಕೆ.ಆರ್. ಪುರಂನ ತೂಗುಸೇತುವೆ ಹೊಸದಾಗಿ ಆಗಿದ್ದಾಗ ಅದನ್ನು ನೋಡಿಬರಲು ಹೋದ ದಿನ ಅಮ್ಮನಿಗೆ ಕಣ್ಣು ಹತ್ತಿತು. ಹಿಂದೆ ಬಸ್ಸೊಂದು ಬಾಯಿ ಬಡಿದುಕೊಳ್ಳುತ್ತಾ ಬಹಳ ದೂರ ಬಂದು, ಕೊನೆಗೆ ಪಕ್ಕಕ್ಕೆ ನುಗ್ಗಿ, ನಮ್ಮ ಕಾರಿನ ಕನ್ನಡಿಯನ್ನು ಸವರಿಕೊಂಡು ಮುಂದೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಮಾರನೆಯ ಬೆಳಿಗ್ಗೆ ಕಾರು ಒರೆಸಿದ ಮೇಲೆ ಅಪ್ಪ ಕೀ ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟರು.

"ಎಂಜಿನ್ ಕೈಗೆ ಕೇಳುತ್ತೆ. ಹಿಂದಿನ ಬಸ್ ಕೇಳಲ್ಲ," ಎಂದರು. ಯಾರೂ ಹೇಳದೆ, ಯಾರ ಮೇಲೂ ರೇಗದೆ ಹಾಗೆ ಕೀ ಕೊಟ್ಟುಬಿಟ್ಟ ಇನ್ನೊಬ್ಬ ಗಂಡಸನ್ನು ನಾನು ಇವತ್ತಿಗೂ ನೋಡಿಲ್ಲ.

ಅಲ್ಲಿಂದ ಮುಂದೆ ನಾನು ಡ್ರೈವರ್, ಅಪ್ಪ ಎಡಗಡೆ. ಅಂಗೈ ಡ್ಯಾಶ್‌ಬೋರ್ಡಿನ ಮೇಲೆ. ಆ ಅಂಗೈಯಿಂದ ತಪ್ಪಿಸಿಕೊಳ್ಳಲು ಸಾಧ್ಯವಿರಲಿಲ್ಲ. ನಾನು ಎರಡನೇ ಗೇರಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಎಳೆದರೆ ಸಾಕು, "ಮೂರಕ್ಕೆ ಹಾಕು," ಎನ್ನುತ್ತಿದ್ದರು, ಕಿಟಕಿಯಾಚೆ ನೋಡುತ್ತಲೇ. ಕ್ಲಚ್ ಒರಟಾಗಿ ಬಿಟ್ಟರೆ, "ನಿಧಾನ, ಅದಕ್ಕೂ ಜೀವ ಇದೆ." ಮೊದಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು. ನನಗೂ ಗೇರು ಗೊತ್ತು ಎಂದು ಕೂಗುತ್ತಿದ್ದೆ, ಕೇಳಿಸದ್ದರಿಂದ ಅವರಿಗೆ ಬೇಸರವಾಗುತ್ತಿರಲಿಲ್ಲ. ಆಮೇಲೆ ಒಂದು ದಿನ ನನಗೆ ಅರಿವಾಯಿತು. ಮನೆಯಲ್ಲಿ ಅಪ್ಪನಿಗೆ ಒಂದು ಮಾತು ಮುಟ್ಟಿಸಬೇಕಾದರೆ ಎದುರಿಗೆ ನಿಲ್ಲಬೇಕು, ಕೂಗಬೇಕು, ಎರಡು ಸಲ ಹೇಳಬೇಕು. ಕಾರಿನಲ್ಲಿ ನಾನು ಕಾಲು ಬೆರಳು ಅಲ್ಲಾಡಿಸಿದರೆ ಅವರಿಂದ ಉತ್ತರ ಬರುತ್ತಿತ್ತು.

ಆ ಕಾರು ಎಷ್ಟು ದಿನ ಬಂದೀತು? ಅಡಿ ತುಕ್ಕು ಹಿಡಿದು, ಹಿಂದೆ ಕೂತವರಿಗೆ ಕಾಲ ಕೆಳಗೆ ರಸ್ತೆ ಕಾಣುತ್ತಿತ್ತು. ಹೊಗೆ ಪರೀಕ್ಷೆ ಮಾಡುವವನು ನಮ್ಮನ್ನು ಕಂಡರೆ ಅಂಗಡಿ ಮುಚ್ಚುತ್ತಿದ್ದ. ಅದು ಮತ್ತೆ ಶಿವಾಜಿನಗರದ ದಾರಿ ಹಿಡಿಯಿತು, ಈ ಸಲ ಗುಜರಿಗೆ. ಅಪ್ಪ ಕೊನೆಯ ಸಲ ಗುಂಡಿ ಎಳೆದು ಅದನ್ನು ಸುಮ್ಮನಾಗಿಸಿ, ಬಾನೆಟ್ಟನ್ನು ಎರಡು ಸಲ ತಟ್ಟಿ ಬಂದರು.

ಮುಂದಿನ ಕೆಲವು ತಿಂಗಳು ಆಟೋದಲ್ಲಿ ಓಡಾಡಿದೆವು. "ಆಟೋನೂ ಅದುರುತ್ತಲ್ಲಪ್ಪ," ಎಂದು ನಾನು ಕೈಸನ್ನೆ ಮಾಡಿ ಕೇಳಿದೆ. ಅದು ಎಂಜಿನ್ನಿನ ಮಾತಲ್ಲ, ತಗಡಿನ ಮಾತು ಎಂದರು. ಬರುಬರುತ್ತಾ ಹೊರಗೆ ಬರುವುದನ್ನೇ ಬಿಟ್ಟರು. ವರಾಂಡದ ಕುರ್ಚಿಯಲ್ಲಿ ಕೂತು, ಕಾರು ನಿಲ್ಲುತ್ತಿದ್ದ ಜಾಗದ ಎಣ್ಣೆ ಕಲೆ ನೋಡುತ್ತಿದ್ದರು. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಮಾತೂ ಆಡುತ್ತಿರಲಿಲ್ಲ. ಮಾಮ ಎದುರಿಗೆ ಕೂತು ಡೀಸೆಲ್ಲನ್ನು ಬೈದು ನೋಡಿದ, ಹೊಗಳಿ ನೋಡಿದ. ಎರಡಕ್ಕೂ ಅಪ್ಪ ಬರೀ ತಲೆಯಾಡಿಸಿದರು. ಹೀಗೇ ಬಿಟ್ಟರೆ ಅಪ್ಪ ಪೂರಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡುಬಿಡುತ್ತಾರೆ ಎಂದು ನನಗೆ ಭಯವಾಯಿತು. ಸಾಲವೋ ಸೋಲವೋ, ಒಂದು ಕಾರು ಬೇಕೇ ಬೇಕು ಎಂದು ಹಟ ಹಿಡಿದೆ.

ಹಳೇ ಮದ್ರಾಸ್ ರಸ್ತೆಯ ಶೋರೂಮಿಗೆ ಅಪ್ಪನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಮಾಮನೂ ಬಂದ. ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬ ನಮ್ಮ ಜೊತೆ ಹಿಂದಿನ ಸೀಟಿನಲ್ಲಿ ಕೂತ. ಮೊದಲು ಪೆಟ್ರೋಲ್ ಕಾರು. ರಸ್ತೆಗೆ ಇಳಿದು ಬೇಕೆಂದೇ ಎರಡನೇ ಗೇರಿನಲ್ಲೇ ಎಳೆದುಕೊಂಡು ಹೋದೆ. ಅಪ್ಪ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಬೇರೆಯವರ ಮನೆಗೆ ಬಂದ ನೆಂಟರ ಹಾಗೆ ಕೂತು, "ಚೆನ್ನಾಗಿದೆ," ಎಂದರು.

ಆಮೇಲೆ ಹೊಸ ಮಾದರಿಯ ಡೀಸೆಲ್. ಸೇಲ್ಸ್‌ಮನ್ ಅದರ ಗುಣಗಾನ ಮಾಡಿದ. "ಮೇಡಂ, ಡೀಸೆಲ್ ಅಂತ ಗೊತ್ತೇ ಆಗಲ್ಲ. ಸೌಂಡ್ ಇಲ್ಲ, ವೈಬ್ರೇಷನ್ ಅಂತೂ ಝೀರೋ." ಅವನು ಹೇಳಿದ್ದು ಸುಳ್ಳಲ್ಲ. ಅಪ್ಪನ ಅಂಗೈ ಮೇಲೆ ಹೋಯಿತು, ಕೆಳಗೆ ಬಂತು. "ಇದೂ ಚೆನ್ನಾಗಿದೆ."

"ಸ್ವಲ್ಪ ಜಾಸ್ತಿ ಅದುರೋದು ಯಾವುದಾದ್ರೂ ಇದ್ಯಾ?" ಎಂದು ಕೇಳಿದೆ.

"ಜೋಕ್ ಮಾಡ್ತೀರಾ ಮೇಡಂ," ಎಂದು ಅವನು ನಕ್ಕ.

"ಜೋಕಲ್ಲ ಗುರು," ಎಂದ ಮಾಮ. ಜೀವನವೆಲ್ಲ ಡೀಸೆಲ್ಲಿನ ಸದ್ದನ್ನು ಬೈದ ನನ್ನ ಮಾಮ. "ಒಳ್ಳೆ ಲಾರಿ ಥರ ಗಡಗಡ ಅನ್ನೋದು ಇದ್ರೆ ತೋರ್ಸು. ಇಲ್ದಿದ್ರೆ ಬೇರೆ ಕಡೆ ಹೋಗ್ತೀವಿ."

ಸೇಲ್ಸ್‌ಮನ್ ತುಂಬಾ ಮುಜುಗರಪಟ್ಟುಕೊಂಡು ಹಿಂದಿನ ಅಂಗಳದಿಂದ ಒಂದನ್ನು ತರಿಸಿದ. ಹಳೇ ಮಾದರಿಯ ಎಂಜಿನ್, ಎತ್ತರದ ಮೈ, ಯಾವ ಅಲಂಕಾರವೂ ಇಲ್ಲ. "ಇದು ಟ್ರಾವೆಲ್ಸ್‌ನೋರು ತಗೊಳ್ಳೋದು ಮೇಡಂ, ಟ್ಯಾಕ್ಸಿಗೆ. ಫ್ಯಾಮಿಲಿಗೆ ನಾನು ರೆಕಮೆಂಡ್ ಮಾಡಲ್ಲ," ಎಂದ.

ಕೀ ತಿರುಗಿಸಿದೆ. ನನ್ನ ಬಳೆಗಳು ಸದ್ದು ಮಾಡಿದವು. ಒಂದು, ಎರಡು. ಎರಡರಲ್ಲೇ ಕೆ.ಆರ್. ಪುರಂ ಕಡೆ ಹೊರಟೆ. ಎಂಜಿನ್ ಗೋಳಾಡತೊಡಗಿತು. ಹಿಂದೆ ಸೇಲ್ಸ್‌ಮನ್ ಸೀಟಿನ ತುದಿಗೆ ಬಂದು, "ಮೇಡಂ, ಗೇರು..." ಎಂದ. ಮಾಮ ಅವನ ಮೊಣಕಾಲು ಹಿಡಿದು ಸು‌ಮ್ಮನಾಗಿಸಿದ. ನಾನು ಅಪ್ಪನ ಕಡೆ ನೋಡಲಿಲ್ಲ, ನೋಡಲು ಧೈರ್ಯ ಬರಲಿಲ್ಲ. ಕಣ್ಣಂಚಿನಲ್ಲಿ ಅಂಗೈ ಮಾತ್ರ ಕಾಣುತ್ತಿತ್ತು. ಅದು ಡ್ಯಾಶ್‌ಬೋರ್ಡಿನ ಮೇಲೇ ಇತ್ತು. ಒಂದು ಬಸ್ ಸ್ಟಾಪು ದಾಟಿತು, ಇನ್ನೊಂದು ದಾಟಿತು.

"ಏನು, ಕೆ.ಆರ್. ಪುರಂವರೆಗೂ ಎರಡರಲ್ಲೇ ಎಳೀತೀಯಾ?" ಎಂದರು ಅಪ್ಪ, ಸೇಲ್ಸ್‌ಮನ್ ಬೆಚ್ಚಿಬೀಳುವಷ್ಟು ದೊಡ್ಡ ಗಂಟಲಿನಲ್ಲಿ. "ಮೂರಕ್ಕೆ ಹಾಕು!"

ರಸ್ತೆ ನನ್ನ ಕಣ್ಣ ಮುಂದೆ ಮಂಜಾಯಿತು. ಮೂರಕ್ಕೆ ಹಾಕಿದೆ.

ಹಿಂದಿನ ಸೀಟಿನಲ್ಲಿ ಮಾಮ ಸೇಲ್ಸ್‌ಮನ್‌ಗೆ ಹೇಳಿದ, "ಇದೇ ಕೊಡಪ್ಪ. ಬಿಳಿ ಬಣ್ಣ ಒಂದು ಬೇಡ."